ಛಿನ್ ಷಿ ಹ್ವಾಂಗ್ ಕಾಲದ ಅಳತೆ ಪಾತ್ರೆ: ಮಾದರಿ ಮಾಡೋಕೆ ಸರಿಯಾದ ಲೆಕ್ಕ ಬೇಕು

ಮಂಡ್ಯ_ಮೇಷ್ಟ್ರು:
ನಮ್ಮ ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಚೀನಾದ ಮೊದಲ ಸಾಮ್ರಾಟನ ಬಗ್ಗೆ ಫಲಕ ತಯಾರಾಗ್ತಿದೆ. ದೇಶಕ್ಕೆಲ್ಲ ಒಂದೇ ಅಳತೆ ತಂದ ಅನ್ನೋದನ್ನ ಮಕ್ಕಳು ಕೈಯಾರೆ ಅಳೆದು ನೋಡಬೇಕು. ಆ ಪಾತ್ರೆನ ರಟ್ಟಿನಲ್ಲಿ ಮಾಡಬಹುದಾ? ಇನ್ನೊಂದು: "ಕ್ರಿ.ಪೂ. 221ರಲ್ಲಿ ಪಟ್ಟಕ್ಕೆ ಬಂದು, ಪ್ರಧಾನಿ ಲಿ ಸ್ಸು ಕೈಲಿ ಅಳತೆ ಜಾರಿ ಮಾಡಿಸಿದ" ಅಂತ ಬರೆದಿದ್ದೇವೆ. ಸರೀನಾ?

ಪಾವು_ಸೇರು:
ಖಂಡಿತ ಮಾಡಬಹುದು ಮೇಷ್ಟ್ರೇ. ಶಾಂಘೈ ಮ್ಯೂಸಿಯಂನಲ್ಲಿರೋ ಕಂಚಿನ 'ಷೆಂಗ್' ಪಾತ್ರೆನೇ ಮಾದರಿಯಾಗಲಿ. ಹಿಡಿ ಇರೋ ಆಯತಾಕಾರದ ಪೆಟ್ಟಿಗೆ ಅದು. ಒಳಗಿನ ಉದ್ದ ಸುಮಾರು 12.5 ಸೆಂ.ಮೀ., ಅಗಲ 7, ಆಳ 2.3, ಹಿಡಿಸೋದು 200 ಮಿ.ಲೀ., ನಮ್ಮ ಪಾವಿಗಿಂತ ಸ್ವಲ್ಪ ಕಡಿಮೆ. ಹತ್ತು ಷೆಂಗ್‌ಗೆ ಒಂದು 'ದೋ'. ಈ ಅಳತೆಗಳನ್ನ ಒಳಗಡೆಯಿಂದಲೇ ಹಿಡೀರಿ, ಹೊರಗಡೆಯಿಂದ ಹಿಡಿದರೆ ರಟ್ಟಿನ ದಪ್ಪ ಪಾತ್ರೆನ ಕಿರಿದು ಮಾಡುತ್ತೆ.

ತಪ್ಪೋದು ರಾಗಿ ತುಂಬೋವಾಗ. ಪಾತ್ರೆ ಆಳ ಇಲ್ಲ, ಬಾಯಿ ಅಗಲ. ಮೇಲೆ ಒಂದು ಮಿಲಿಮೀಟರ್ ರಾಗಿ ಹೆಚ್ಚಿದ್ದರೂ ಸುಮಾರು 9 ಮಿ.ಲೀ., ಅಂದರೆ ನೂರಕ್ಕೆ ನಾಲ್ಕು ಭಾಗ ಜಾಸ್ತಿ. ಗುಡ್ಡೆ ಬಿಡದೆ ನೇರವಾದ ಸ್ಕೇಲಿನಿಂದ ಒಂದೇ ಸಲ ತಲೆ ಸವರಿ. ಪಾತ್ರೆ ಕುಟ್ಟಬೇಡಿ, ಕಾಳು ಕೂತುಬಿಡುತ್ತೆ.

ಮೈಸೂರು_ಓದುಗ:
ಫಲಕದ ವಾಕ್ಯ ಎರಡು ಕಡೆ ತಪ್ಪಿದೆ. 13ನೇ ವಯಸ್ಸಿಗೇ ಅವನು ಛಿನ್ ರಾಜ್ಯದ ದೊರೆ, ಆಳ್ವಿಕೆಯ ಮೊದಲ ವರ್ಷ ಕ್ರಿ.ಪೂ. 246. ಆರು ರಾಜ್ಯಗಳನ್ನು ಗೆದ್ದು 'ಸಾಮ್ರಾಟ' ಅನ್ನೋ ಬಿರುದು ತಗೊಂಡಿದ್ದು 221ರಲ್ಲಿ. ಅಳತೆಯ ಆಜ್ಞೆಯಲ್ಲೇ "26ನೇ ವರ್ಷ" ಅಂತಿದೆ. 246ರಿಂದ ಎಣಿಸಿದರೆ ಸರಿಯಾಗಿ 221. ಆ ಆಜ್ಞೆ ಹೊರಟಿದ್ದು ಪ್ರಧಾನಿಗಳಾದ ವೇ ಜ್ವಾಂಗ್, ವಾಂಗ್ ವಾನ್ ಹೆಸರಿಗೆ. ಲಿ ಸ್ಸು ಆಗಿನ್ನೂ ನ್ಯಾಯಾಧಿಕಾರಿ.

ಮುಖ್ಯವಾದದ್ದು, ಆ ಷೆಂಗ್ ಪಾತ್ರೆ ಅವನು ಮಾಡಿಸಿದ್ದಲ್ಲ. ಕ್ರಿ.ಪೂ. 344ರಲ್ಲಿ ಛಿನ್ ರಾಜ್ಯದ ಮಂತ್ರಿ ಷಾಂಗ್ ಯಾಂಗ್ ಮಾಡಿಸಿದ್ದು. ಅದರ ತಳದಲ್ಲಿ ಸಾಮ್ರಾಟನ ಆಜ್ಞೆ ಆಮೇಲೆ ಕೆತ್ತಿದ್ದಾರೆ. ಅವನು ಹೊಸ ಅಳತೆ ಹುಟ್ಟಿಸಲಿಲ್ಲ, ಛಿನ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷ ನಡೆದಿದ್ದ ಅಳತೆಯನ್ನೇ ಗೆದ್ದ ನಾಡಿಗೆಲ್ಲ ಹಾಕಿದ. ಫಲಕದಲ್ಲಿ ಇದು ದಪ್ಪ ಅಕ್ಷರದಲ್ಲಿ ಬರಲಿ.

ಮಂಡ್ಯ_ಮೇಷ್ಟ್ರು:
ಇಬ್ಬರಿಗೂ ಧನ್ಯವಾದ. ಆಜ್ಞೆ ಕೆತ್ತಿಸಿದ್ದಕ್ಕೇ ಸಂತೆಯಲ್ಲಿ ಮೋಸ ನಿಂತುಹೋಯ್ತಾ?

ಪಾವು_ಸೇರು:
ಬರೀ ಕೆತ್ತಿಸಿದರೆ ಸಾಲದು. 1975ರಲ್ಲಿ ಹುಬೇ ಪ್ರಾಂತ್ಯದ ಶ್ವೇಹುದಿಯಲ್ಲಿ, ಒಬ್ಬ ಅಧಿಕಾರಿಯ ಗೋರಿಯೊಳಗೆ ಛಿನ್ ಕಾನೂನಿನ ಬಿದಿರು ಪಟ್ಟಿಗಳು ಸಿಕ್ಕವು. ಸರ್ಕಾರಿ ಕಾರ್ಯಾಗಾರಗಳ ತೂಕ, ಅಳತೆಗಳನ್ನ ವರ್ಷಕ್ಕೊಮ್ಮೆಯಾದರೂ ಸರಿನೋಡಬೇಕು ಅಂತ ಅದರಲ್ಲಿದೆ. ದೊಡ್ಡ ತೂಕ ಒಂದು 'ಷೀ', ಅಂದರೆ 120 'ಜಿನ್', ಸುಮಾರು 30 ಕೆ.ಜಿ. ಅದರಲ್ಲಿ 16 'ಲ್ಯಾಂಗ್', ಅಂದರೆ ಕಾಲು ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಯುದ್ಧಕವಚದ ದಂಡ. 8ರಿಂದ 16ರೊಳಗಾದರೆ ಒಂದು ಗುರಾಣಿಯದ್ದು. ಈ ದಂಡ ತೆರಬೇಕಾದವನು ಅಂಗಡಿಯವನಲ್ಲ, ಆ ತೂಕದ ಹೊಣೆ ಹೊತ್ತ ಅಧಿಕಾರಿ.