ಪೈಪ್ ಗ್ಯಾಸ್ ಬಂದ ಮೇಲೆ ಸಿಮ್‌ನಲ್ಲಿ ಉರಿ ನಿಲ್ಲುತ್ತಿಲ್ಲ, ಪಾತ್ರೆ ತಳ ಮಸಿ. ಪ್ರೆಷರ್ ಸಮಸ್ಯೆಯಾ?

ಮಲ್ಲಿಗೆ_ಇಡ್ಲಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರು, ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಹೋದ ತಿಂಗಳು ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸಿಗೆ ಬಂದೆವು. ಒಲೆ ಹಳೆಯದೇ, ಮೂರು ಬರ್ನರಿನದು. ಬಂದ ಹುಡುಗ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ ಏನೋ ಮಾಡಿ, ಉರಿ ಹತ್ತಿಸಿ ತೋರಿಸಿ ಹೋದ. ಈಗ ಚಿಕ್ಕ ಬರ್ನರನ್ನು ಸಿಮ್‌ಗೆ ತಿರುಗಿಸಿದರೆ ಪಕ್ ಅಂತ ಆರಿಹೋಗುತ್ತದೆ. ದೊಡ್ಡದರಲ್ಲಿ ಉರಿ ಉದ್ದಕ್ಕೆ ಏಳುತ್ತದೆ, ಬಣ್ಣ ಹಳದಿ. ಕುಕ್ಕರ್ ತಳವೆಲ್ಲ ಮಸಿ. ನಡುವಿನದು ಸರಿ ಇದೆ. ಮೇಲಿನ ಮನೆಯವರು "ಲೈನಲ್ಲೇ ಪ್ರೆಷರ್ ಕಡಿಮೆ, ಕಂಪ್ಲೇಂಟ್ ಕೊಡಿ" ಅನ್ನುತ್ತಾರೆ. ಹೌದಾ? ರಾತ್ರಿ ಯುಟಿಲಿಟಿ (ಅಡುಗೆಮನೆ ಪಕ್ಕದ ಬಾಲ್ಕನಿ) ಕಡೆ ಹೋದಾಗ ಒಂಚೂರು ವಾಸನೆ ಬಂದ ಹಾಗೂ ಆಗುತ್ತದೆ. ಚರಂಡಿಯದ್ದೋ ಏನೋ ಗೊತ್ತಿಲ್ಲ.

ಗುಂಡ_ಗಿರಿನಗರ:
ಮೇಡಂ, ಸಿಂಪಲ್. ಚಿಕ್ಕ ಬರ್ನರಿನ ಜೆಟ್ ಬಿಚ್ಚಿ ಹೊಲಿಗೆ ಸೂಜಿ ಹಾಕಿ ತಿರುಗಿಸಿ, ತೂತು ದೊಡ್ಡದಾಗುತ್ತೆ. ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ.

ಸ್ಪ್ಯಾನರ್_ಮಾವ:
ಉರಿಯ ವಿಷಯ ಆಮೇಲೆ ನೋಡೋಣ. ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟಿರಲ್ಲ, ಆ ವಾಸನೆ, ಅದು ಮೊದಲು.

ಮತ್ತೆ ಮೂಗಿಗೆ ಜೋರಾಗಿ ಬಡಿದರೆ ಯಾವ ಪರೀಕ್ಷೆಯೂ ಬೇಡ. ಮೀಟರ್ ಹತ್ತಿರದ ವಾಲ್ವ್ ಮುಚ್ಚಿ. ಅದರ ಹಿಡಿ ಪೈಪಿಗೆ ಅಡ್ಡ ಬಂದರೆ ಮುಚ್ಚಿದಂತೆ, ಪೈಪಿನ ಉದ್ದಕ್ಕೇ ಇದ್ದರೆ ತೆರೆದಂತೆ. ಕಿಟಕಿ ಬಾಗಿಲು ತೆಗೆಯಿರಿ. ಲೈಟ್, ಫ್ಯಾನು, ಎಕ್ಸಾಸ್ಟ್ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗೆ ಬಂದ ಮೇಲೆ ಫೋನ್ ಮಾಡಿ. ಗುಂಡ ಅವರೇ, 1906 ಎಲ್‌ಪಿಜಿ ಸಿಲಿಂಡರ್ ಸೋರಿಕೆಗೆ ಇರುವ ನಂಬರ್. ಪೈಪ್ ಗ್ಯಾಸಿಗೆ ಸರಬರಾಜು ಮಾಡುವ ಕಂಪನಿಯದೇ ತುರ್ತು ನಂಬರ್ ಇರುತ್ತದೆ, ಬಿಲ್ಲಿನಲ್ಲಿ ನೋಡಿ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ.

ಈಗ ವಾಸನೆ ಇಲ್ಲದಿದ್ದರೆ ಹೀಗೆ ಮಾಡಿ. ಒಲೆಯ ತಿರುಪು ಎಲ್ಲ ಮುಚ್ಚಿ, ಗೀಸರ್ ಇದ್ದರೆ ಅದನ್ನೂ. ಮೀಟರಿನ ಕೆಂಪು ಅಂಕಿಗಳ ಫೋಟೋ ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಫೋಟೋ. ಅಂಕಿ ಸರಿದಿದ್ದರೆ ಮೀಟರಿನಿಂದ ಈಚೆ ಎಲ್ಲೋ ಸೋರುತ್ತಿದೆ. ಸರಿಯದಿದ್ದರೂ ನಿಶ್ಚಿಂತೆ ಅಂತಲ್ಲ, ಮೀಟರಿಗಿಂತ ಆಚೆಯ ಸೋರಿಕೆಯನ್ನು ಮೀಟರ್ ಎಣಿಸುವುದಿಲ್ಲ. ಅದಕ್ಕೇ ಜೋಡಣೆ ಇರುವ ಕಡೆಯೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ.

ಇನ್ನೊಂದು ಪ್ರಶ್ನೆ. ನಿಮ್ಮ ಯುಟಿಲಿಟಿಗೆ ಗಾಜು ಹಾಕಿ ಪೂರ್ತಿ ಮುಚ್ಚಿಸಿದ್ದೀರಾ?

ಮಲ್ಲಿಗೆ_ಇಡ್ಲಿ:
ಹೌದು, ಪಾರಿವಾಳದ ಕಾಟಕ್ಕೆ ಸ್ಲೈಡಿಂಗ್ ಗಾಜು ಹಾಕಿಸಿದ್ದೇವೆ. ಮಾವ, ನೀವು ಹೇಳಿದ್ದು ಸರಿ. ಕೊನೆಯ ಕೆಂಪು ಅಂಕಿ ಸರಿದಿದೆ. ಮೀಟರಿನಿಂದ ಹೊರಡುವ ಪೈಪಿನ ನಟ್ಟಿನ ಹತ್ತಿರ ಗುಳ್ಳೆ ಬಂತು. ವಾಲ್ವ್ ಮುಚ್ಚಿ ಕಂಪನಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಬಂದು ವಾಷರ್ ಬದಲಿಸಿ, ನೊರೆ ಹಚ್ಚಿ ತೋರಿಸಿ ಹೋದರು.

ಸ್ಪ್ಯಾನರ್_ಮಾವ:
ಒಳ್ಳೆಯದಾಯಿತು. ಗಾಜಿನ ವಿಷಯ ಯಾಕೆ ಕೇಳಿದೆ ಅಂದರೆ, ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ತೆರೆದ ಯುಟಿಲಿಟಿಯಲ್ಲಿ ಮೇಲೆದ್ದು ಹೊರಗೆ ಹೋಗಿಬಿಡುತ್ತದೆ. ಮುಚ್ಚಿದರೆ ಛಾವಣಿಯ ಕೆಳಗೆ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪಾಲು 5ರಿಂದ 15 ಶೇಕಡಾ ಆದಾಗ ಒಂದು ಕಿಡಿ ಸಾಕು. ಗಾಜು ಇರಲಿ, ಆದರೆ ಛಾವಣಿ ಹತ್ತಿರ ಮುಚ್ಚಲಾಗದ ಹಾಗೆ ಸಂದು ಬಿಡಿಸಿ. ಪಾರಿವಾಳಕ್ಕೆ ಅಲ್ಲಿ ಜಾಲರಿ ಹೊಡೆಸಿದರಾಯಿತು.

ಇನ್ನು ಉರಿ. ಪ್ರೆಷರ್ ಕಡಿಮೆ ಇದ್ದಿದ್ದರೆ ಮೂರೂ ಬರ್ನರ್ ಒಟ್ಟಿಗೆ ಸೊರಗಬೇಕಿತ್ತು, ಅಲ್ವಾ? ನಿಮ್ಮಲ್ಲಿ ಒಂದು ಆರುತ್ತದೆ, ಒಂದು ಉಕ್ಕುತ್ತದೆ, ಒಂದು ಸರಿ ಇದೆ. ಹಾಗಾಗಿ ತಪ್ಪು ಲೈನಿನದ್ದಲ್ಲ, ಒಲೆಯದ್ದು. ಸಿಲಿಂಡರಿನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡ ಕೊಡುತ್ತದೆ, ಪೈಪ್ ಗ್ಯಾಸ್ ಅಡುಗೆಮನೆಗೆ ಬರುವುದೇ 21 ಮಿಲಿಬಾರಿನಲ್ಲಿ. ಮೇಲಿಂದ, ಒಂದು ಘನ ಮೀಟರ್ ಎಲ್‌ಪಿಜಿಯಲ್ಲಿ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು ಶಾಖ ಇದೆ. ಅಷ್ಟೇ ಬಿಸಿ ಬೇಕಾದರೆ ಜಾಸ್ತಿ ಗ್ಯಾಸ್ ಹೊರಬರಬೇಕು, ಅದಕ್ಕೆ ಜೆಟ್ಟಿನ ತೂತು ದೊಡ್ಡದಿರಬೇಕು. ಎಷ್ಟು ದೊಡ್ಡದು ಅನ್ನುವುದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. ಸೂಜಿಯಿಂದ ಆಗುವ ಕೆಲಸವಲ್ಲ.

ನನ್ನ ಅಂದಾಜು: ದೊಡ್ಡ ಬರ್ನರಿನ ಜೆಟ್ ಕೈಯಲ್ಲಿ ಕೊರೆದು ಅತಿಯಾಗಿದೆ. ಗ್ಯಾಸ್ ಜಾಸ್ತಿ, ಬೆರೆಯುವ ಗಾಳಿ ಸಾಲದು. ಅದಕ್ಕೇ ಹಳದಿ ಉರಿ, ಮಸಿ. ಚಿಕ್ಕದರಲ್ಲಿ ಹಳೆಯ ಎಲ್‌ಪಿಜಿ ಜೆಟ್ಟೇ ಉಳಿದಿದೆ. ಜೊತೆಗೆ ಸಿಮ್‌ಗೆ ಅಂತ ತಿರುಪಿನ ಒಳಗೆ ಬೇರೆ ಸಣ್ಣ ದಾರಿ ಇರುತ್ತದೆ, ಅದನ್ನೂ ಹೊಂದಿಸಿಲ್ಲ.

ಹಳದಿ ಉರಿಯನ್ನು ಪಾತ್ರೆ ಉಜ್ಜುವ ಕಷ್ಟ ಅಂತ ಮಾತ್ರ ನೋಡಬೇಡಿ. ಪೂರ್ತಿ ಸುಡದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸರಿಯಾಗುವ ತನಕ ದೊಡ್ಡ ಬರ್ನರ್ ಹಚ್ಚಬೇಡಿ. (ಉಪ್ಪು ಬಿದ್ದೋ ಧೂಳಿಗೋ ನೀಲಿ ಉರಿಯಲ್ಲಿ ಆಗಾಗ ಕಿತ್ತಳೆ ಚುಕ್ಕೆ ಚಿಮ್ಮಿದರೆ ಗಾಬರಿ ಬೇಡ. ಅದು ಬೇರೆ.)

ಗುಂಡ_ಗಿರಿನಗರ:
ಸೂಜಿ ವಾಪಸ್ ತಗೊಂಡೆ ಮಾವ 😄 ಹಾಗಾದರೆ ಹೊಸ ಒಲೆಯೇ ತಗೊಳ್ಳೋದು ಬೆಸ್ಟಾ?

ಸ್ಪ್ಯಾನರ್_ಮಾವ:
ಒಲೆ ಚೆನ್ನಾಗಿದ್ದರೆ ಬೇಡ. ಒಲೆ ಕಂಪನಿಯ ಸರ್ವಿಸಿನವರನ್ನೇ ಕರೆಸಿ, ಆ ಮಾದರಿಗೆ ಪೈಪ್ ಗ್ಯಾಸಿನ ಜೆಟ್ ಕೇಳಿ. ಕೊರೆಯುವುದು ಬೇಡ, ಬದಲಿಸಿ ಅನ್ನಿ. ಹೊಸದೇ ಕೊಳ್ಳುವುದಾದರೆ ಪೈಪ್ ಗ್ಯಾಸ್ ಒಲೆಗೆ ಐಎಸ್ 17153 ಅಂತ ಪ್ರತ್ಯೇಕ ಮಾನದಂಡ ಇದೆ, ಎಲ್‌ಪಿಜಿ ಒಲೆಯದ್ದು ಐಎಸ್ 4246. ಡಬ್ಬದ ಮೇಲೆ ಯಾವುದಿದೆ ನೋಡಿ. ಅಂಗಡಿಯವರು "ಎರಡಕ್ಕೂ ನಡೆಯುತ್ತೆ" ಅಂದರೆ ಜೆಟ್ ಯಾವುದು ಕೂತಿದೆ ಅಂತ ಕೇಳಿ, ಆಗ ಮಾತು ಬದಲಾಗುತ್ತದೆ.

ಮಲ್ಲಿಗೆ_ಇಡ್ಲಿ:
ಸರ್ವಿಸಿನವರು ಬಂದಿದ್ದರು. ಚಿಕ್ಕದರಲ್ಲಿ ಹಳೆಯ ಜೆಟ್ಟೇ ಇತ್ತು! ದೊಡ್ಡದರ ತೂತು ಒಂದು ಕಡೆ ಸೊಟ್ಟಗಾಗಿತ್ತು. ಮೂರೂ ಜೆಟ್ ಬದಲಿಸಿ, ಸಿಮ್ ಹೊಂದಿಸಿದರು. ರಬ್ಬರ್ ಪೈಪಿನ ಮೇಲಿನ ವರ್ಷ ನೋಡಿ, ಐದು ವರ್ಷ ದಾಟಿದೆ ಅಂತ ಅದನ್ನೂ ಬದಲಿಸಿದರು. ಈಗ ಉರಿ ನೀಲಿ. ಅಕ್ಕಿ ರೊಟ್ಟಿ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯುತ್ತಿದೆ. ತುಂಬಾ ಥ್ಯಾಂಕ್ಸ್ ಮಾವ.

ಕುಡ್ಲದ_ಕಿಟ್ಟ:
ನಡುವೆ ಬಂದೆ, ಬೇಜಾರಿಲ್ಲ ಅಲ್ವಾ. ಮಂಗಳೂರಿನಲ್ಲಿ ನಮ್ಮ ಬೀದಿಗೂ ಈಗ ಲೈನು ಬರುತ್ತಿದೆ. ಕೊಚ್ಚಿಯ ಪೈಪ್‌ಲೈನ್ 2021ರಲ್ಲಿ ಉದ್ಘಾಟನೆ ಆದಾಗಿನಿಂದ ಕಾಯುತ್ತಿದ್ದೆವು. ಎರಡು ಡೌಟು. ಒಂದು ಸಿಲಿಂಡರಿಗೆ ಎಷ್ಟು ಯೂನಿಟ್ ಸಮ? ಲೈನ್ ರಿಪೇರಿ ಇದ್ದ ದಿನ ಅದೇ ಒಲೆಗೆ ಹಳೇ ಸಿಲಿಂಡರ್ ಸಿಕ್ಕಿಸಬಹುದಾ?

ಸ್ಪ್ಯಾನರ್_ಮಾವ:
ಮೀಟರಿನ ಒಂದು ಯೂನಿಟ್ ಅಂದರೆ ಒಂದು ಘನ ಮೀಟರ್. 14.2 ಕೆಜಿ ಸಿಲಿಂಡರಿನ ಶಾಖಕ್ಕೆ ಹತ್ತಿರ ಹತ್ತಿರ 16ರಿಂದ 18 ಯೂನಿಟ್ ಹಿಡಿಯಿರಿ. ನಿಮ್ಮ ಊರಿನ ದರ ಹಾಕಿ ಗುಣಿಸಿದರೆ ಲಾಭವೋ ನಷ್ಟವೋ ಗೊತ್ತಾಗುತ್ತದೆ. ಬಿಲ್ ಓದುವಾಗ ಕಪ್ಪು ಅಂಕಿ ಮಾತ್ರ ಪೂರ್ತಿ ಯೂನಿಟ್, ಕೆಂಪು ದಶಾಂಶ. ಅದನ್ನೂ ಸೇರಿಸಿ ಓದಿ ಹೌಹಾರಿದವರಿದ್ದಾರೆ.

ಎರಡನೆಯದಕ್ಕೆ ಉತ್ತರ: ಬೇಡವೇ ಬೇಡ. ಜೆಟ್ ದೊಡ್ಡದಾದ ಒಲೆಗೆ ಸಿಲಿಂಡರ್ ಕೊಟ್ಟರೆ ಜಾಸ್ತಿ ಒತ್ತಡದಲ್ಲಿ ಜಾಸ್ತಿ ಶಾಖದ ಗ್ಯಾಸ್ ನುಗ್ಗಿ ಉರಿ ಪಾತ್ರೆ ದಾಟಿ ಮೇಲೇಳುತ್ತದೆ. ರಿಪೇರಿ ದಿನಕ್ಕೆ ಒಂದು ಇಂಡಕ್ಷನ್ ಒಲೆ ಇಟ್ಟುಕೊಳ್ಳಿ.

ಕುಡ್ಲದ_ಕಿಟ್ಟ:
ಆಯ್ತು. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆ, ಅದನ್ನೂ ಇದೇ ಲೈನಿಗೆ ಕೊಡಿಸುವ ಯೋಚನೆ.

ಸ್ಪ್ಯಾನರ್_ಮಾವ:
ಬಚ್ಚಲ ಒಳಗೆ ಬೇಡ, ಸಿಲಿಂಡರಿನದ್ದಾದರೂ ಬೇಡ. ಬಾಗಿಲು ಹಾಕಿ ಸ್ನಾನ ಮಾಡುವಾಗ ಆ ಸಣ್ಣ ಕೋಣೆಯ ಆಮ್ಲಜನಕ ತಗ್ಗಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ತಲೆ ಸುತ್ತು ಬಂದಾಗ ಚಿಲಕ ತೆಗೆಯಲೂ ಆಗುವುದಿಲ್ಲ. ಗೀಸರನ್ನು ಹೊರಗಿನ ಗೋಡೆಗೆ, ಗಾಳಿ ಆಡುವ ಕಡೆ ಹಾಕಿಸಿ, ಬಿಸಿ ನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅದು ಎಲ್‌ಪಿಜಿ ಗೀಸರ್ ಆದರೆ ಒಲೆಯ ಹಾಗೆ ಅದಕ್ಕೂ ಜೆಟ್ ಬದಲಾಗಬೇಕು. ಮಾಡೆಲ್ ನಂಬರ್ ಹಾಕಿ, ಪೈಪ್ ಗ್ಯಾಸಿಗೆ ಬದಲಿಸಬಹುದಾದ ಮಾದರಿಯಾ ಅಂತ ನೋಡಿ ಹೇಳುತ್ತೇನೆ.