ದೂರಕ್ಕೆ ಕಾಣುವ ಬಂಡೆ, ಟವರ್, ಒಂಟಿ ಮರ ಹಿಡಿದು ಜಿಂಕೆ ಮಲಗುವ ಜಾಗ ಪತ್ತೆ ಮಾಡುವುದು ಹೇಗೆ?

ಏಣುದಾರಿ:
ವೈಟ್‌ಟೇಲ್ (ಬಿಳಿ ಬಾಲದ) ಜಿಂಕೆಗಳಿರುವ ಗುಡ್ಡಗಾಡು. ಎದುರು ಇಳಿಜಾರಿನಲ್ಲಿ ಒಂದು ದೊಡ್ಡ ಬಂಡೆ, ಪಕ್ಕದ ದಿಣ್ಣೆ ಮೇಲೆ ಹೈಟೆನ್ಷನ್ ಟವರ್, ಕೆಳಗೆ ಜೊಂಡು ತುಂಬಿದ ಜೌಗು, ಅದರ ನಡುವೆ ಒಂಟಿ ಮರ. ಸಂಜೆ 10×42 ದುರ್ಬೀನಿನಲ್ಲಿ ಜಿಂಕೆ ಕಾಣುತ್ತವೆ. ಆದರೆ ಕಣಿವೆ ಇಳಿದು ಆ ಕಡೆ ಹತ್ತಿದರೆ ಎಲ್ಲ ಪೊದೆಯೂ ಒಂದೇ ಥರ. ಸರಿಯಾದ ಜಾಗ ಹಿಡಿಯುವುದು ಹೇಗೆ? ಈ ಗುರುತುಗಳಲ್ಲಿ ಯಾವುದರ ಹತ್ತಿರ ಮೊದಲು ಹುಡುಕಬೇಕು?

ದಿಕ್ಕುಮುಳ್ಳು:
ಜಿಂಕೆ ಕಂಡ ಕೂಡಲೇ ದುರ್ಬೀನು ಇಳಿಸಬೇಡಿ. ಅದರ ಪಕ್ಕದಲ್ಲೇ ಎದ್ದು ಕಾಣುವ ಏನನ್ನಾದರೂ ಹಿಡಿದುಕೊಳ್ಳಿ: ಸಿಡಿಲು ಹೊಡೆದ ಕಾಂಡ, ಬಿಳಿ ತೊಗಟೆ, ಬಿದ್ದ ಮರ. ಅಲ್ಲಿಂದ ಕಣ್ಣನ್ನು ಮೆಲ್ಲಗೆ ಬಂಡೆವರೆಗೆ ತಂದು, ಬಂಡೆಯ ಬೇರಿಂಗ್ (ಉತ್ತರದಿಂದ ಎಷ್ಟು ಡಿಗ್ರಿ ಅನ್ನುವ ದಿಕ್ಕು) ಕಂಪಾಸಿನಲ್ಲಿ ಓದಿ ಬರೆದುಕೊಳ್ಳಿ. ಬಂಡೆಯಿಂದ ಜಿಂಕೆ ಎಷ್ಟು ಪಕ್ಕಕ್ಕಿದೆ ಅನ್ನುವುದನ್ನು ಕೈಯಲ್ಲೇ ಅಳೆಯಿರಿ. ಕೈ ಪೂರ್ತಿ ಚಾಚಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು ಸುಮಾರು 1 ಡಿಗ್ರಿ. 300 ಮೀಟರ್ ದೂರದಲ್ಲಿ 1 ಡಿಗ್ರಿ ಅಂದರೆ 5 ಮೀಟರಿಗಿಂತ ಸ್ವಲ್ಪ ಹೆಚ್ಚು, ಒಂದು ಮುಷ್ಟಿ ಅಂದರೆ 50 ಮೀಟರಿಗೂ ಜಾಸ್ತಿ. 'ಬಂಡೆಯ ಎಡಕ್ಕೆ ಸ್ವಲ್ಪ' ಅಂತ ಬರೆದಿಟ್ಟರೆ ಆ ಕಡೆ ಹೋದಾಗ ಪ್ರಯೋಜನವಿಲ್ಲ.

ಒಂದೇ ಜಾಗದಿಂದ ನೋಡಿದರೆ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಇನ್ನೊಂದು ಕಡೆಯಿಂದಲೂ ಬೇರಿಂಗ್ ತೆಗೆದು ನಕ್ಷೆಯಲ್ಲಿ ಎರಡೂ ಗೆರೆ ಎಳೆಯಿರಿ. ಗೆರೆಗಳ ನಡುವಿನ ಕೋನ 60ರಿಂದ 90 ಡಿಗ್ರಿ ಇದ್ದರೆ ಒಳ್ಳೆಯದು. 30ಕ್ಕಿಂತ ಕಮ್ಮಿಯಾದರೆ ಸಣ್ಣ ತಪ್ಪೂ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಕಂಪಾಸ್ ತೋರಿಸುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸ ಸರಿಮಾಡಿಕೊಳ್ಳಿ. ಟವರಿನ ಬುಡದಲ್ಲಿ ನಿಂತು ಮಾತ್ರ ಓದಬೇಡಿ. ಕಬ್ಬಿಣದ ಹತ್ತಿರ ಮುಳ್ಳು ತಿರುಗುತ್ತದೆ, ಫೋನಿನ ಕಂಪಾಸಿಗೂ ಅದೇ ಗತಿ.

ಜೊಂಡುಗಾವಲು:
ನಿಮ್ಮ ಪಟ್ಟಿಯಲ್ಲಿ ಜೌಗಿನ ಒಂಟಿ ಮರಕ್ಕೇ ಮೊದಲ ಸ್ಥಾನ. ಮರ ನಿಂತಿದೆ ಅಂದರೆ ಸಾಮಾನ್ಯವಾಗಿ ಅಲ್ಲಿ ನೆಲ ಸುತ್ತಲಿಗಿಂತ ಎತ್ತರ ಇರುತ್ತದೆ. ಒಂದಡಿ ಎತ್ತರ ಸಾಕು, ಬೇರಿನ ಬುಡ ಒಣಗಿರುತ್ತದೆ. ಯಾರೇ ಬಂದರೂ ನೀರಿನ ಸದ್ದು ಮೊದಲೇ ಕೇಳುತ್ತದೆ, ಸುತ್ತಲೂ ಜೊಂಡಿನ ಮರೆ. ಜೊಂಡು ಮುಗಿದು ಕುರುಚಲು ಶುರುವಾಗುವ ಅಂಚನ್ನೂ ಬಿಡಬೇಡಿ.

ಗುಡ್ಡದಲ್ಲಿ ಬಂಡೆಗಿಂತ ಇಳಿಜಾರೇ ಮುಖ್ಯ. ತುದಿಯಲ್ಲಿ ಹುಡುಕಬೇಡಿ. ಮೇಲಿನ ಮೂರನೇ ಒಂದು ಭಾಗದಲ್ಲಿ, ಏಣು (ಗುಡ್ಡದ ಬೆನ್ನು) ಮುಂದಕ್ಕೆ ಚಾಚಿಕೊಂಡ ಕಡೆ, ಗಾಳಿಗೆ ಮರೆಯಾದ ಮಗ್ಗುಲಲ್ಲಿ ನೋಡಿ. ಅಲ್ಲಿ ಮಲಗಿದ ಜಿಂಕೆಗೆ ಬೆನ್ನ ಹಿಂದಿನದು ಏಣಿನ ಮೇಲಿಂದ ಬರುವ ಗಾಳಿಯಲ್ಲಿ ವಾಸನೆಯಾಗಿ ಗೊತ್ತಾಗುತ್ತದೆ, ಕೆಳಗಿನದು ಕಣ್ಣಿಗೇ ಕಾಣುತ್ತದೆ. ಬಿಸಿಲೇರಿದ ಮೇಲೆ ಬೆಚ್ಚಗಾದ ಗಾಳಿ ಕಣಿವೆಯ ವಾಸನೆಯನ್ನೂ ಮೇಲಕ್ಕೆ ಹೊತ್ತು ತರುತ್ತದೆ. ಗಾಳಿ ದಿಕ್ಕು ಬದಲಾದರೆ ಜಿಂಕೆ ಏಣಿನ ಇನ್ನೊಂದು ಮಗ್ಗುಲಿಗೆ ಹೋಗುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ ಆ ದಿನದ ಗಾಳಿ ಇರಲೇಬೇಕು.

ಹಿಕ್ಕೆಗುರುತು:
ಮೇಲಿನ ಬೇರಿಂಗ್ ವಿಧಾನ ಸರಿ, ಆದರೆ ಅದು ಯಾವುದರ ಬೇರಿಂಗ್ ಅನ್ನುವುದು ಮುಖ್ಯ. ಜಿಂಕೆ ಏಳುವುದನ್ನೇ ಕಂಡಿದ್ದರೆ ಅದೇ ಜಾಗ. ಪೊದೆಯಿಂದ ಹೊರಬಂದದ್ದು ಮಾತ್ರ ಕಂಡಿದ್ದರೆ ನೀವು ಗುರುತಿಸಿದ್ದು ಹೊರದಾರಿ. ಅಲ್ಲಿಂದ ಗೊರಸಿನ ಜಾಡು ಹಿಡಿದು ಹಿಂದಕ್ಕೆ ಹೋಗಬೇಕು.

ಒಳಗೆ ಹೋಗಿ ನೋಡುವುದಕ್ಕೆ ಹೇಳಿಮಾಡಿಸಿದ ಕಾಲ ಬೇಟೆ ಸೀಸನ್ ಮುಗಿದು, ಹಿಮ ಕರಗಿ, ಇನ್ನೂ ಚಿಗುರು ಬಾರದ ದಿನಗಳು. ತರಗೆಲೆ ಒತ್ತಿಹೋದ ಅಂಡಾಕಾರದ ತಗ್ಗು, ಅದರಲ್ಲಿ ಉದುರಿದ ಒರಟು ಕೂದಲು, ಪಕ್ಕದಲ್ಲಿ ಹಿಕ್ಕೆ ಸಿಗುತ್ತವೆ. ಮತ್ತೆ ಮತ್ತೆ ಬಳಸಿದ ಜಾಗದಲ್ಲಿ ಎಲೆ ಸವೆದು ಮಣ್ಣೇ ಕಾಣುತ್ತದೆ. ದೊಡ್ಡದೂ ಸಣ್ಣದೂ ಸೇರಿ ಮೂರು ನಾಲ್ಕು ತಗ್ಗುಗಳಿದ್ದರೆ ಸಾಮಾನ್ಯವಾಗಿ ಮರಿಗಳ ಜೊತೆಗಿರುವ ಹೆಣ್ಣು. 1.1 ಮೀಟರಿಗೂ ಉದ್ದದ ಒಂದೇ ತಗ್ಗು, ಪಕ್ಕದ ಕಾಂಡಗಳಲ್ಲಿ ಕೊಂಬು ಉಜ್ಜಿ ತೊಗಟೆ ಸುಲಿದಿದ್ದರೆ ದೊಡ್ಡ ಗಂಡಿನದು ಅನ್ನಬಹುದು. ಉದ್ದವೊಂದನ್ನೇ ನಂಬಬೇಡಿ, ಕಾಲು ಚಾಚಿ ಮಲಗಿದ ಹೆಣ್ಣಿನ ಗುರುತೂ ಉದ್ದವಾಗಿಯೇ ಇರುತ್ತದೆ.

ಸಿಕ್ಕ ಮೇಲೆ ಆ ತಗ್ಗಿನಲ್ಲೇ ಕುಳಿತು ಸುತ್ತ ನೋಡಿ, ತಲೆ ನೆಲದಿಂದ ಒಂದು ಮೀಟರಿಗಿಂತ ಕೆಳಗಿರಲಿ. ಟವರಿನ ಬುಡ ಅಲ್ಲಿಂದ ಕಂಡರೆ ಟವರ್ ಕಡೆಯಿಂದ ಬರುವ ನೀವೂ ಜಿಂಕೆಗೆ ಕಾಣುತ್ತೀರಿ. ಆ ದಾರಿ ಬಿಡಿ.

ಏಣುದಾರಿ:
ಸಂಜೆ ಕಂಡದ್ದು ಪೊದೆಯಿಂದ ಹೊರಬಂದದ್ದೇ. ಒಂಟಿ ಮರದ ಹತ್ತಿರ ಸೀಸನ್ ಮಧ್ಯೆ ಒಮ್ಮೆ ಹೋಗಿ ನೋಡಬಹುದೇ?

ಜೊಂಡುಗಾವಲು:
ಬೇಡ. ಒಣ ಜಾಗ ಇಷ್ಟು ಕಿರಿದಾಗಿರುವ ಕಡೆ ಒಮ್ಮೆ ಎಬ್ಬಿಸಿದರೆ ಜಿಂಕೆ ಆ ಮರವನ್ನೇ ಬಿಡಬಹುದು. ಸೀಸನ್ನಿನಲ್ಲಿ ದಿಣ್ಣೆಯಿಂದಲೇ ನೋಡಿ, ಬೆಳಗಿನ ಜಾವ ಯಾವ ಅಂಚಿನಿಂದ ಜೊಂಡಿನೊಳಗೆ ಹೋಗುತ್ತದೆ ಅನ್ನುವುದನ್ನು ಗಾಳಿ ದಿಕ್ಕಿನ ಜೊತೆ ಬರೆದಿಡಿ. ಚಳಿಗಾಲದ ಕೊನೆಗೆ ಆ ಅಂಚಿನಿಂದಲೇ ಒಳಗೆ ಹೋಗಿ ನೋಡಿ.