ಟ್ರಾಕ್ಟರ್ ಎನ್ನಬೇಕೋ, ಟ್ರಾಕ್ಟರು ಎನ್ನಬೇಕೋ? ಅನುಭವವಿದ್ದವರು ತಿಳಿಸಿ

ಕೇಳಿದವರು, ಮಂಡ್ಯ:
ನಮ್ಮ ಕಬ್ಬು ಬೆಳೆಗಾರರ ಸಹಕಾರ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಲೇಖನದಲ್ಲಿ ‘ಟ್ರಾಕ್ಟರ್’ ಎಂದಿದ್ದರೆ ಇನ್ನೊಂದರಲ್ಲಿ ‘ಟ್ರಾಕ್ಟರು’ ಎಂದಿದೆ. ಬಸ್, ಬಸ್ಸು, ಟನ್, ಟನ್ನು, ಸ್ಟೇಷನ್, ಸ್ಟೇಷನ್ನು ಎಲ್ಲವೂ ಹೀಗೆಯೇ. ಒಂದೇ ರೀತಿ ಮುಗಿಯುವ ಇಂಗ್ಲಿಷ್ ಪದಗಳಿಗೆಲ್ಲ ಒಂದೇ ನಿಯಮ ಮಾಡಿಕೊಳ್ಳಬಹುದೇ? ಮುಂದಿನ ವಾರ ಅಚ್ಚಿಗೆ ಕೊಡಬೇಕು.

ಮುದ್ರಕ, ಮಂಡ್ಯ:
ಉಕಾರ ಹಾಕಿಬಿಡಿ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಿಂದ ನಾನು ಈ ಕೆಲಸದಲ್ಲಿದ್ದೇನೆ. ಒಂದು ಸಂಚಿಕೆಯ ಸಂಪಾದಕರು ಎಲ್ಲ ಇಂಗ್ಲಿಷ್ ಪದಗಳೂ ಮೂಲದಂತೆ ಅರ್ಧಾಕ್ಷರದಲ್ಲಿಯೇ ಮುಗಿಯಬೇಕೆಂದು ಹಠ ಹಿಡಿದರು. ಅಚ್ಚಾದ ಮೇಲೆ ಅವರ ಅಧ್ಯಕ್ಷರು ‘ಬಸ್ ಬಂದಿತು, ಬಸ್ಸಿನಲ್ಲಿ ಹೋದೆವು’ ಎಂಬ ಸಾಲಿಗೆ ಕೆಂಪು ಗೆರೆ ಎಳೆದು, ಒಂದೇ ವಾಕ್ಯದಲ್ಲಿ ಎರಡು ರೂಪವೇಕೆ ಎಂದು ಕೇಳಿ ಕಟ್ಟುಗಳನ್ನು ವಾಪಸು ಕಳಿಸಿದರು. ಹದಿನಾರು ಪುಟಗಳ ಎರಡು ಫಾರಂ ಮತ್ತೆ ಅಚ್ಚಾದವು. ಪ್ಲೇಟಿಗೆ ₹3,200, ಕಾಗದಕ್ಕೆ ₹7,450, ಹೊಲಿಗೆ ಬಿಚ್ಚಿ ಮತ್ತೆ ಬೈಂಡು ಮಾಡಿಸಿದ್ದಕ್ಕೆ ₹4,100, ಒಟ್ಟು ₹14,750. ಯಂತ್ರದ ಹುಡುಗನ ಕೂಲಿಯನ್ನು ಇದರಲ್ಲಿ ಸೇರಿಸಿಲ್ಲ. ಅರ್ಧ ಹಣ ಇನ್ನೂ ಬಂದಿಲ್ಲ.

ನಿವೃತ್ತ ಉಪನ್ಯಾಸಕ, ಕುವೆಂಪುನಗರ, ಮೈಸೂರು:
ಮುದ್ರಕರು ಹೇಳಿದ ರೂಪ ಸರಿ, ಆದರೆ ಅವರು ಕೊಟ್ಟ ಕಾರಣ ವ್ಯಾಕರಣದ್ದಲ್ಲ, ಜಮಾಖರ್ಚಿನದು. ಹಳೆಗನ್ನಡದ ಕಣ್, ಮಣ್, ಕಾಲ್, ಪಾಲ್ ಎಂಬ ವ್ಯಂಜನಾಂತ ಪದಗಳು ಕಾಲಕ್ರಮದಲ್ಲಿ ಕಣ್ಣು, ಮಣ್ಣು, ಕಾಲು, ಹಾಲು ಆದವು. ಹ್ರಸ್ವದ ಮುಂದಿನ ವ್ಯಂಜನ ಇಮ್ಮಡಿಯಾಯಿತು, ದೀರ್ಘದ ಮುಂದೆ ಆಗಲಿಲ್ಲ. ಅದೇ ದಾರಿಯಲ್ಲಿ ಬಸ್ಸು, ಟನ್ನು, ಪೆನ್ನು ಒಂದು ಕಡೆ, ಕಾರು, ರೋಡು ಇನ್ನೊಂದು ಕಡೆ ನಿಂತವು. ರಕಾರ ಮಾತ್ರ ಇಮ್ಮಡಿಯಾಗದು. ಮೀಟರು, ಲೀಟರು ಎನ್ನುತ್ತೇವೆ.

ಆದರೆ ಒಂದೇ ಅಂತ್ಯಕ್ಕೆ ಒಂದೇ ನಿಯಮವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಟ್ರಾಕ್ಟರು ಬಂದಿತು, ಡಾಕ್ಟರು ಬಂದರು. ಟ್ರಾಕ್ಟರಿನ ಚಕ್ರ, ಡಾಕ್ಟರ ಚೀಟಿ. ಮೊದಲನೆಯದರಲ್ಲಿ ‘ರು’ ಬರಿಯ ಉಕಾರ. ಎರಡನೆಯದರಲ್ಲಿ ಅದೇ ಗೌರವದ ಬಹುವಚನವೂ ಹೌದು. ನಾನು ಬರೆದ ಒಂದು ಪಾಠವನ್ನು ಪರಿಶೀಲಿಸಿದ ಸಮಿತಿಯವರು ಏಕರೂಪತೆಯ ಹೆಸರಿನಲ್ಲಿ ‘ಡಾಕ್ಟರಿನ ಚೀಟಿ’ ಎಂದು ತಿದ್ದಿದರು. ಮೂರು ಪುಟಗಳ ಆಕ್ಷೇಪಣೆ ಬರೆದು ಕಳಿಸಿದೆ, ಉತ್ತರ ಬರಲಿಲ್ಲ. ಪಾಠ ಹಾಗೆಯೇ ಅಚ್ಚಾಯಿತು, ನನ್ನ ಹೆಸರಿನಲ್ಲಿಯೇ.

ಡಿಟಿಪಿ ಕೆಲಸದವಳು, ಅಗ್ರಹಾರ, ಮೈಸೂರು:
ಇಬ್ಬರೂ ಹಿರಿಯರು, ಆದರೆ ಕಂಪ್ಯೂಟರಿನ ಮುಂದೆ ಕುಳಿತವರಲ್ಲ. ‘ಸಾಫ್ಟ್‌ವೇರು’ ಎಂದು ಈಗ ಯಾರು ಬರೆಯುತ್ತಾರೆ? ನಾನು ಹಲಂತವನ್ನೇ, ಅಂದರೆ ಕೊನೆಯ ಅರ್ಧಾಕ್ಷರವನ್ನೇ, ಉಳಿಸಿಕೊಂಡು ‘ಬಸ್‌ನಲ್ಲಿ’, ‘ಟ್ರಾಕ್ಟರ್‌ಗೆ’ ಎಂದು ಜೋಡಿಸುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ. ನೋಯಿಸಿದ್ದು ಬೇರೆ. ಎರಡು ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಕಾಣದ ಒಂದು ಸಂಕೇತ ಹಾಕಬೇಕು. ಕಂಪ್ಯೂಟರಿನ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಗ್ರಾಹಕರೊಬ್ಬರು ಕಡತವನ್ನು ತಮ್ಮಲ್ಲಿಯೇ ಪರಿವರ್ತಿಸಿ ಹಿಂದಿರುಗಿಸಿದಾಗ ಆ ಸಂಕೇತಗಳೆಲ್ಲ ಹಾರಿಹೋಗಿ, ‘ಬಸ್ನಲ್ಲಿ’ ಎಂದು ನಕಾರ ಸಕಾರದ ಕೆಳಗೆ ಇಳಿದಿತ್ತು, ‘ಟ್ರಾಕ್ಟರ್ಗೆ’ ಎಂಬಲ್ಲಿ ಅರ್ಕಾವತ್ತು ಬಂದು ಕುಳಿತಿತ್ತು. ಪುಟಕ್ಕೆ ₹18ರ ದರದಲ್ಲಿ ಜೋಡಿಸಿದ್ದ 212 ಪುಟಗಳನ್ನು ಮತ್ತೆ ತಿದ್ದಿದ್ದಕ್ಕೆ ಒಂದು ರೂಪಾಯಿಯೂ ಸಿಗಲಿಲ್ಲ.

ಮುದ್ರಕ, ಮಂಡ್ಯ:
ಉಕಾರ ಹಾಕಿದ್ದರೆ ‘ಬಸ್ಸಿನಲ್ಲಿ’ ಆಗುತ್ತಿತ್ತು. ಕಾಣದ ಸಂಕೇತದ ಗೊಡವೆ ಎಲ್ಲಿರುತ್ತಿತ್ತು ತಾಯೀ?

ಡಿಟಿಪಿ ಕೆಲಸದವಳು:
‘ವಾಟ್ಸ್ಯಾಪಿನಲ್ಲಿ’ ಎಂದು ನೀವು ಜೋಡಿಸಿ ಕೊಡಿ ಸ್ವಾಮಿ, ನನ್ನ ಗ್ರಾಹಕರು ಓದಿ ನಗಲಿ. ಸೀಸದ ಮೊಳೆಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಸಂಘವೊಂದರ ಕಾರ್ಯದರ್ಶಿ, ಶ್ರೀರಂಗಪಟ್ಟಣ:
ಉಕಾರ ಹಾಗಿರಲಿ, ‘ಶನ್’ ಸರಿಯೋ ‘ಷನ್’ ಸರಿಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಸ್ಟೇಷನ್, ಪೆನ್ಷನ್, ಕುಷನ್ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ಮುಗಿದರೂ ನಮ್ಮಲ್ಲಿ ಒಂದೇ ಆಗುತ್ತವೆ. ನಮ್ಮ ಸಂಘದ ಫಲಕದಲ್ಲಿ ‘ಅಸೋಸಿಯೇಶನ್’ ಎಂದಿತ್ತು, ಮೊಹರಿನಲ್ಲಿ ‘ಅಸೋಸಿಯೇಷನ್’ ಎಂದಿತ್ತು. ಹೆಸರು ತಾಳೆಯಾಗುವುದಿಲ್ಲವೆಂದು ಲೆಕ್ಕಪರಿಶೋಧಕರು ತಕರಾರು ತೆಗೆದಿದ್ದರಿಂದ ಹೊಸ ಫಲಕಕ್ಕೆ ₹2,800, ಅದನ್ನು ಏರಿಸಿ ಕಟ್ಟಿದವನಿಗೆ ₹600 ಹೋಯಿತು. ನನ್ನ ಮತ ಶಕಾರಕ್ಕೆ. ಷಕಾರವನ್ನು ಬೇರೆಯಾಗಿ ಉಚ್ಚರಿಸುವವರನ್ನು ನಾನಂತೂ ಕಂಡಿಲ್ಲ.

ನಿವೃತ್ತ ಉಪನ್ಯಾಸಕ:
ತಾವು ಕಂಡಿಲ್ಲವೆಂದರೆ ಅಂಥವರು ಇಲ್ಲವೆಂದಾಗುವುದಿಲ್ಲ. ಅಚ್ಚಿನಲ್ಲಿ ರೂಢಿಯಾಗಿರುವುದು ಷಕಾರ. ಫಲಕ ಬರೆಯುವವನ ಕೈಬರಹವನ್ನು ನಿಯಮವೆಂದು ಸಾಧಿಸಬೇಡಿ.

ಕಾರ್ಯದರ್ಶಿ, ಶ್ರೀರಂಗಪಟ್ಟಣ:
ಆ ಬರಹ ಫಲಕದವನದಲ್ಲ, ನನ್ನದು.

ಕೇಳಿದವರು, ಮಂಡ್ಯ:
ಎಲ್ಲರಿಗೂ ವಂದನೆಗಳು. ‘ಷೇರುದಾರ’ ಎಂಬುದನ್ನಾದರೂ ಹಾಗೆಯೇ ಬಿಡಬಹುದೇ? ನಲವತ್ತು ಪುಟಗಳಲ್ಲಿಯೂ ಬರುತ್ತದೆ.

ನಿವೃತ್ತ ಉಪನ್ಯಾಸಕ:
ಅವಶ್ಯವಾಗಿ ಬಿಡಿ. ಇಂಗ್ಲಿಷಿನ ಷೇರ್, ಕನ್ನಡದ ಉಕಾರ, ಪಾರಸಿಯ ‘ದಾರ್’, ಕೊನೆಗೆ ಮತ್ತೆ ಕನ್ನಡದ ಅಕಾರ. ಪಾಲುದಾರ, ಗುತ್ತಿಗೆದಾರ, ಹಕ್ಕುದಾರ ಇವುಗಳ ಸಾಲಿನಲ್ಲಿಯೇ ಅದು ಕುಳಿತಿದೆ. ‘ಷೇರ್‌ದಾರ’ ಎಂದು ಬರೆದವರನ್ನು ನಾನು ಕಂಡಿಲ್ಲ. ಹಲಂತದ ಪಕ್ಷದವರು ಇದಕ್ಕೆ ಏನು ಹೇಳುತ್ತಾರೆ?

ಡಿಟಿಪಿ ಕೆಲಸದವಳು:
ಹೇಳುತ್ತೇನೆ ಮೇಷ್ಟ್ರೇ. ‘ಬಸ್ ನಿಲ್ದಾಣ’ದಲ್ಲಿ ಉಕಾರ ಎಲ್ಲಿಗೆ ಹೋಯಿತು? ಮುಂದೆ ಇರುವುದು ಕನ್ನಡದ್ದೇ ಪದ. ‘ಬಸ್ಸು ನಿಲ್ದಾಣ’ ಎಂದು ಮುದ್ರಕರು ಎಂದಾದರೂ ಅಚ್ಚು ಹಾಕಿದ್ದಾರೆಯೇ, ಅವರೇ ತಿಳಿಸಲಿ.

ಮುದ್ರಕ, ಮಂಡ್ಯ:
ಹಾಕಿದ್ದೇನೆ. ಪ್ರತಿ ನೋಡಬೇಕೆಂದರೆ ಅಂಗಡಿಗೆ ಬನ್ನಿ.